ಬೈಕಿಗೆ ಕಡಿಮೆ ಬೆಲೆಯ ಕ್ಲಚ್ ಪ್ಲೇಟ್

ಗೇರ್ ಇರುವ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಎಂದರೆ ಎಂಜಿನ್ ಆಯಿಲ್‌ನಲ್ಲೇ ನೆನೆದಿರುವ ಹಲವು ಪ್ಲೇಟುಗಳ ಸೆಟ್. ಕಾರ್ಕ್ ಅಥವಾ ಕಾಗದದ ನಾರಿನ ಲೈನಿಂಗ್ ಅಂಟಿಸಿದ ಫ್ರಿಕ್ಷನ್ ಪ್ಲೇಟ್ ಒಂದು, ಬರಿಯ ಉಕ್ಕಿನ ಪ್ಲೇಟ್ ಒಂದು, ಹೀಗೆ ಒಂದರ ಪಕ್ಕ ಒಂದು ಜೋಡಿಸಿ ಸ್ಪ್ರಿಂಗುಗಳಿಂದ ಬಿಗಿಯಲಾಗಿರುತ್ತದೆ. ಮೊದಲಿನವು ಎಂಜಿನ್ ಜೊತೆ ತಿರುಗುತ್ತವೆ, ಉಕ್ಕಿನವು ಗೇರ್‌ಬಾಕ್ಸ್ ಜೊತೆ. ಲಿವರ್ ಹಿಡಿದಾಗ ಸ್ಪ್ರಿಂಗಿನ ಒತ್ತಡ ತಪ್ಪಿ ಎರಡೂ ಬೇರೆಯಾಗುತ್ತವೆ.

ಲೈನಿಂಗ್ ಸವೆದರೆ ಕ್ಲಚ್ ಜಾರುತ್ತದೆ. ಘಾಟಿ ಏರುವಾಗ ಎಂಜಿನ್ ಕೂಗುತ್ತದೆ, ಬೈಕ್ ಮಾತ್ರ ಮುಂದೆ ಹೋಗುವುದಿಲ್ಲ. ಹಾಗೆಂದು ಕೂಡಲೇ ಎಂಜಿನ್ ಬಿಚ್ಚಬೇಕಿಲ್ಲ. ಲಿವರಿನ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಸಡಿಲ ಇರಬೇಕು, ಕೇಬಲ್ ಬಿಗಿಯಾಗಿದ್ದರೆ ಒಳ್ಳೆಯ ಪ್ಲೇಟೂ ಜಾರುತ್ತದೆ. ಕಾರಿನ ಆಯಿಲ್ ಹಾಕಿದ್ದರೂ ಇದೇ ತೊಂದರೆ ಬರಬಹುದು. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಗೇರಿಲ್ಲದ ಸ್ಕೂಟರಿಗೆ.

ಇವೆರಡೂ ಸರಿಯಿದ್ದು ಪ್ಲೇಟೇ ಹೋಗಿದ್ದರೆ, ಕಂಪನಿ ಪ್ಲೇಟನ್ನೇ ಹಾಕಬೇಕೆಂಬ ಕಡ್ಡಾಯವಿಲ್ಲ. ಬೈಕ್ ಕಂಪನಿಗಳು ಕ್ಲಚ್ಚನ್ನು ಬಹುಪಾಲು ಹೊರಗಿನ ತಯಾರಕರಿಂದ ತರಿಸಿಕೊಳ್ಳುತ್ತವೆ. ಹೋಂಡಾ ಬೈಕುಗಳಿಗೆ ಜಪಾನಿನ ಎಫ್‌ಸಿಸಿ ಒದಗಿಸುವುದು ಇದಕ್ಕೊಂದು ಉದಾಹರಣೆ. ತಮ್ಮದೇ ಹೆಸರಿನಲ್ಲಿ ಮಾರುವ ಒಳ್ಳೆಯ ತಯಾರಕರ ಪ್ಲೇಟನ್ನು ಧೈರ್ಯವಾಗಿ ಹಾಕಬಹುದು. ದೂರವಿಡಬೇಕಾದದ್ದು ಕಂಪನಿಯ ಪ್ಯಾಕೆಟ್ಟನ್ನೇ ನಕಲು ಮಾಡಿದ ಮಾಲು ಮತ್ತು ಹೆಸರಿಲ್ಲದ ಮಾಲು.

ಅಗ್ಗದ ಪ್ಲೇಟು ಸೋಲುವುದು ಹೆಚ್ಚಾಗಿ ದಪ್ಪದಲ್ಲಿ. ಸಣ್ಣ ಬೈಕುಗಳ ಫ್ರಿಕ್ಷನ್ ಪ್ಲೇಟು ಸುಮಾರು 3 ಮಿ.ಮೀ. ಇರುತ್ತದೆ. ಒಂದೊಂದರಲ್ಲೂ 0.1 ಮಿ.ಮೀ. ಕಡಿಮೆಯಾದರೆ ಐದು ಪ್ಲೇಟಿಗೆ ಅರ್ಧ ಮಿ.ಮೀ. ತಗ್ಗುತ್ತದೆ, ಸ್ಪ್ರಿಂಗಿನ ಒತ್ತಡ ಇಳಿದು ಹೊಸ ಕ್ಲಚ್ಚೇ ಜಾರುತ್ತದೆ. ದಪ್ಪ ಹೆಚ್ಚಾದರೆ ನ್ಯೂಟ್ರಲ್ ಬೀಳುವುದಿಲ್ಲ, ಸಿಗ್ನಲ್ಲಿನಲ್ಲಿ ಲಿವರ್ ಹಿಡಿದಿದ್ದರೂ ಬೈಕ್ ಮುಂದಕ್ಕೆ ಎಳೆಯುತ್ತದೆ. ಇವುಗಳಿಗಿಂತ ಅಪಾಯಕಾರಿಯಾದದ್ದು ಕಳಪೆ ಅಂಟು. ಬಿಸಿ ಆಯಿಲ್‌ನಲ್ಲಿ ಲೈನಿಂಗ್ ಕಳಚಿದರೆ ಅದರ ಚೂರುಗಳು ಆಯಿಲ್ ಜಾಲರಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ, ಹೆಡ್ಡಿಗೆ ಆಯಿಲ್ ಏರುವುದಿಲ್ಲ. ಆಗ ಪ್ಲೇಟಿನಲ್ಲಿ ಉಳಿಸಿದ್ದರ ಎಷ್ಟೋ ಪಟ್ಟು ಎಂಜಿನ್ ಕೆಲಸಕ್ಕೆ ತೆರಬೇಕಾಗುತ್ತದೆ.

ಆದ್ದರಿಂದ ಅಂಗಡಿಯಲ್ಲೇ ವರ್ನಿಯರ್ ಹಿಡಿದು ಪ್ರತಿ ಪ್ಲೇಟಿನ ದಪ್ಪ ನೋಡಬೇಕು. ಹಳೆಯದು ಸವೆದಿರುವುದರಿಂದ ಹೋಲಿಸಬೇಕಾದದ್ದು ಸರ್ವಿಸ್ ಮ್ಯಾನುಯಲ್‌ನ ಅಳತೆಗೆ. ಅಂಚಿನ ಕಿವಿಗಳ ಸಂಖ್ಯೆ ಮತ್ತು ಅಗಲ ಹಳೆಯದಕ್ಕೆ ಹೊಂದಬೇಕು. ಕಿವಿ ಸಡಿಲವಾದರೆ ಬಡಿದು ಬಡಿದು ಪ್ಲೇಟುಗಳು ಕೂರುವ ಅಲ್ಯೂಮಿನಿಯಮ್ ಔಟರಿನಲ್ಲಿ ಕಚ್ಚು ಬೀಳುತ್ತದೆ. ಲೈನಿಂಗ್ ತುಂಡಿನ ಅಂಚನ್ನು ಉಗುರಿನಿಂದ ಮೀಟಿದರೆ ಅದು ಏಳಬಾರದು.

ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಎಂಜಿನ್ನಿಗೆ ಹಾಕುವ ಆಯಿಲ್‌ನಲ್ಲೇ ರಾತ್ರಿಯಿಡೀ ನೆನೆಹಾಕುವುದು ಒಳ್ಳೆಯದು. ಒಣ ಲೈನಿಂಗ್ ಮೊದಲ ಸ್ಟಾರ್ಟಿನಲ್ಲೇ ಸುಡಬಹುದು. ಉಕ್ಕಿನ ಪ್ಲೇಟುಗಳನ್ನು ಸಮತಟ್ಟಾದ ಗಾಜಿನ ಮೇಲಿಟ್ಟರೆ ಸೊಟ್ಟಗಾಗಿದೆಯೋ ಇಲ್ಲವೋ ಕಾಣುತ್ತದೆ. ನೀಲಿಗಟ್ಟಿದ್ದರೆ ಅತಿಯಾಗಿ ಕಾದಿದೆ ಎಂದರ್ಥ, ಬದಲಿಸಬೇಕು. ಸ್ಪ್ರಿಂಗುಗಳ ಉದ್ದವನ್ನೂ ಅಳೆಯಬೇಕು. ಕೆಲವು ಎಂಜಿನ್ನುಗಳಲ್ಲಿ ಹೊರಗಿನ ಕೊನೆಯ ಪ್ಲೇಟಿನ ಕಿವಿಗಳು ಬೇರೆ ತೋಡಿನಲ್ಲಿ ಕೂರುತ್ತವೆ, ಹಾಗಾಗಿ ಬಿಚ್ಚುವಾಗಲೇ ಕ್ರಮವನ್ನು ಫೋಟೊ ತೆಗೆದಿಟ್ಟುಕೊಳ್ಳಬೇಕು. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು; ಒಂದನ್ನೇ ಪೂರ್ತಿ ಬಿಗಿದರೆ ಬೋಲ್ಟು ಕೂರುವ ಅಲ್ಯೂಮಿನಿಯಮ್ ಕಂಬ ಮುರಿಯಬಹುದು. ಲೈನಿಂಗ್ ಹೊಂದಿಕೊಂಡು ಕೂರುತ್ತ ಬಂದಂತೆ ಕೇಬಲ್ಲಿನ ಸಡಿಲ ಕಡಿಮೆಯಾಗುತ್ತದೆ. ಕೆಲವು ದಿನ ಓಡಿಸಿದ ಮೇಲೆ ಅದನ್ನು ಮತ್ತೊಮ್ಮೆ ಹೊಂದಿಸಬೇಕು.