ನಲವತ್ತೆಂಟು ಗಂಟೆಗಳ ಸಾರಥಿ

ಪ್ಯಾರಿಸ್ ನಗರದ ಪಶ್ಚಿಮದಂಚಿನಲ್ಲಿ, ಪೋರ್ತ್ ಮೈಯೋ ಎಂಬ ಹಳೆಯ ನಗರದ್ವಾರದ ಬಳಿ, ಒಂದು ಶಿಲಾಸ್ಮಾರಕವಿದೆ. ಕಮಾನಿನೊಳಗಿಂದ ಮೋಟಾರು ಗಾಡಿಯೊಂದು ನೋಡುವವರ ಎದುರಿಗೇ ನುಗ್ಗಿಬರುವಂತೆ ಅದನ್ನು ಕೆತ್ತಲಾಗಿದೆ. ಸುತ್ತಲೂ ಜನರು ಜಯಕಾರ ಮಾಡುತ್ತಿದ್ದಾರೆ. ಅರಸರಿಗೂ ಸೇನಾಪತಿಗಳಿಗೂ ಸಲ್ಲುವ ಇಂತಹ ಗೌರವವು ಗಾಡಿ ಓಡಿಸಿದವನೊಬ್ಬನಿಗೆ ಸಂದುದು ಹೇಗೆ? ಆತನೇ ಎಮೀಲ್ ಲೆವಾಸೋರ್. ಆತನ ಕಥೆಯು ಬಾಲಮಿತ್ರರಿಗೆ ರುಚಿಸೀತೆಂದು ನಂಬಿ ಇಲ್ಲಿ ಬರೆಯುತ್ತಿದ್ದೇನೆ.

ಲೆವಾಸೋರನು 1843ರಲ್ಲಿ ಪ್ಯಾರಿಸಿನ ದಕ್ಷಿಣಕ್ಕಿರುವ ಮಾರೋಲ್ ಎಂಬ ಹಳ್ಳಿಯಲ್ಲಿ ಜನಿಸಿದನು. ಎಕೋಲ್ ಸಾಂತ್ರಾಲ್ ಎಂಬ ಪ್ರಸಿದ್ಧ ವಿದ್ಯಾಲಯದಲ್ಲಿ ಎಂಜಿನಿಯರನಾಗಿ ತೇರ್ಗಡೆಹೊಂದಿ, ಮುಂದೆ ರೆನೆ ಪನಾರ್ ಎಂಬ ಗೆಳೆಯನೊಡನೆ ಪಾಲುದಾರನಾದನು. ಅವರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಮೋಟಾರಲ್ಲ. ಮರ ಕೊಯ್ಯುವ ಗರಗಸದ ಯಂತ್ರಗಳು! ಜರ್ಮನಿಯ ಡೈಮ್ಲರನು ರಚಿಸಿದ ಪೆಟ್ರೋಲ್ ಎಂಜಿನನ್ನು ಫ್ರಾನ್ಸಿನಲ್ಲಿ ತಯಾರಿಸುವ ಹಕ್ಕನ್ನು ಲೆವಾಸೋರನ ಸ್ನೇಹಿತ ಸಾರಾಜಾನ್ ಎಂಬವನು ಪಡೆದಿದ್ದನು. ಆತನು 1887ರಲ್ಲಿ ತೀರಿಕೊಂಡಾಗ, ಪತ್ನಿಯಾದ ಲೂಯೀಸ್ ಎದೆಗುಂದದೆ ಡೈಮ್ಲರನನ್ನು ತಾನೇ ಕಂಡು ಆ ಹಕ್ಕನ್ನು ಉಳಿಸಿಕೊಂಡಳು. 1890ರಲ್ಲಿ ಆಕೆಗೂ ಲೆವಾಸೋರನಿಗೂ ವಿವಾಹವಾಯಿತು. ಎಂಜಿನಿನ ಹಕ್ಕು ಗರಗಸದ ಕಾರ್ಖಾನೆಗೆ ಬಂದುದು ಹೀಗೆ. ಮೋಟಾರಿನ ಚರಿತ್ರೆಯನ್ನು ಹೇಳುವವರು ಈ ಧೀರ ಮಹಿಳೆಯನ್ನು ಅನೇಕ ವೇಳೆ ಮರೆಯುತ್ತಾರೆ, ಅದು ನ್ಯಾಯವಲ್ಲ.

ಆಗಿನ ಮೋಟಾರು ಗಾಡಿಗಳು ಕುದುರೆಯಿಲ್ಲದ ಜಟಕಾಗಳಂತಿದ್ದವು. ಎಂಜಿನು ಕೂಡುವವರ ಅಡಿಯಲ್ಲೋ ಹಿಂದುಗಡೆಯೋ ಅಡಗಿರುತ್ತಿತ್ತು. 1891ರಲ್ಲಿ ಲೆವಾಸೋರನು ಅದನ್ನು ಗಾಡಿಯ ಮುಂಭಾಗಕ್ಕೆ ತಂದು ನಿಲ್ಲಿಸಿದನು. ಭಾರವು ಮುಂದಿನ ಚಕ್ರಗಳ ಮೇಲೆ ಬಿದ್ದುದರಿಂದ ಅವು ನೆಲವನ್ನು ಬಿಗಿಯಾಗಿ ಕಚ್ಚಿದವು. ಗಾಡಿಯನ್ನು ತಿರುಗಿಸುವುದು ಸುಲಭವಾಯಿತು. ಎಂಜಿನು ಕೆಟ್ಟರೆ ಕೈಗೂ ಎಟಕುತ್ತಿತ್ತು. ಎಂಜಿನಿನ ಹಿಂದೆ ಕ್ಲಚ್ಚು, ಅದರ ಹಿಂದೆ ಗೇರುಗಳು, ಅಲ್ಲಿಂದ ಹಿಂದಿನ ಚಕ್ರಗಳಿಗೆ ಶಕ್ತಿ. ಗೇರುಗಳೇಕೆ ಬೇಕು? ಪೆಟ್ರೋಲ್ ಎಂಜಿನು ಬೇಗ ಬೇಗ ತಿರುಗುವಾಗ ಮಾತ್ರ ತಕ್ಕ ಬಲವನ್ನು ಕೊಡುತ್ತದೆ. ಏರನ್ನು ಹತ್ತುವ ಗಾಡಿಯಾದರೋ ಮೆಲ್ಲಗೆ ಸಾಗಬೇಕು. ಇವೆರಡಕ್ಕೂ ಸಂಧಿ ಮಾಡಿಸುವವು ಹಲ್ಲಿನ ಚಕ್ರಗಳು. ಲೆವಾಸೋರನ ಚಕ್ರಗಳು ಒಂದರೊಳಗೊಂದು ಜಾರಿ ಸೇರುವಾಗ ಭಯಂಕರವಾಗಿ ಕಿರುಗುಟ್ಟುತ್ತಿದ್ದವು. ಇದು ಒರಟಾದ ಏರ್ಪಾಡು, ಆದರೆ ಕೆಲಸ ಮಾಡುತ್ತದೆ ಎಂದು ಆತನೇ ಹೇಳುತ್ತಿದ್ದನಂತೆ. ಅನೇಕ ದಶಕಗಳ ಕಾಲ ಪ್ರಪಂಚದ ಬಹುಪಾಲು ಕಾರುಗಳು ಈ ಕ್ರಮದಲ್ಲಿಯೇ ತಯಾರಾದವು.

ಆದರೆ ಜನಕ್ಕೆ ನಂಬಿಕೆಯಿರಲಿಲ್ಲ. ಇಂತಹ ಯಂತ್ರವು ನಾಲ್ಕು ಹೆಜ್ಜೆ ಓಡಿ ದಾರಿಯಲ್ಲಿ ನಿಲ್ಲುವುದೆಂದೇ ಎಲ್ಲರ ಎಣಿಕೆ. ಆ ಸಂಶಯವನ್ನು ಕಳೆಯಲೆಂದು 1895ರ ಜೂನ್ ತಿಂಗಳಲ್ಲಿ ಪ್ಯಾರಿಸಿನಿಂದ ಬೋರ್ಡೋ ನಗರಕ್ಕೆ ಹೋಗಿ ಮರಳಿ ಬರುವ ಪಂದ್ಯವನ್ನು ಏರ್ಪಡಿಸಿದರು. ದೂರವು 1178 ಕಿಲೋಮೀಟರು. ಮುಂಬಯಿಯಿಂದ ಬೆಂಗಳೂರಿನ ದಾರಿಗಿಂತಲೂ ಹೆಚ್ಚು! ಜೂನ್ 11ರ ಮಧ್ಯಾಹ್ನ ವರ್ಸೇಯಿನಿಂದ 22 ಗಾಡಿಗಳು ಒಂದರ ಹಿಂದೊಂದು ಹೊರಟವು. ಕೆಲವು ಉಗಿಯವು, ಒಂದು ವಿದ್ಯುತ್ತಿನದು, ಉಳಿದವು ಪೆಟ್ರೋಲಿನವು. ಲೆವಾಸೋರನದು ಐದನೆಯ ಸಂಖ್ಯೆಯ ಗಾಡಿ. ಅದರ ಶಕ್ತಿ ಸುಮಾರು ನಾಲ್ಕು ಕುದುರೆಗಳಷ್ಟು; ಇಂದಿನ ಆಟೋರಿಕ್ಷಾ ಕೂಡ ಅದಕ್ಕಿಂತ ಬಲಿಷ್ಠ. ಗಾಳಿ ತುಂಬಿದ ಟೈರುಗಳಿಲ್ಲ. ಎದುರಿಗೆ ಗಾಜಿಲ್ಲ, ತಲೆಯ ಮೇಲೆ ಮಾಡಿಲ್ಲ. ಗಾಡಿಯನ್ನು ತಿರುಗಿಸಲು ಚಕ್ರವೂ ಇಲ್ಲ. ದೋಣಿಯ ಚುಕ್ಕಾಣಿಯಂತಹ ಒಂದು ಹಿಡಿ ಮಾತ್ರ. ಗುಂಡಿಯೊಂದರಲ್ಲಿ ಚಕ್ರವಿಳಿದರೆ ಆ ಹಿಡಿಯು ಕೈಯನ್ನೇ ಜಾಡಿಸಿಬಿಡುತ್ತಿತ್ತು. ಅದನ್ನು ಹಿಡಿದು ಕುಳಿತ ಲೆವಾಸೋರನ ವಯಸ್ಸು 52.

ರುಫೆಕ್ ಎಂಬ ಊರಿನಲ್ಲಿ ಬದಲಿ ಸಾರಥಿಯೊಬ್ಬನು ಆತನಿಗಾಗಿ ಕಾದಿರಬೇಕಾಗಿತ್ತು. ಗಾಡಿಯು ಎಣಿಸಿದ್ದಕ್ಕಿಂತ ಬಹಳ ಮುಂಚೆ, ಬೆಳಗಿನ ಜಾವ ಮೂರೂವರೆಗೇ, ಅಲ್ಲಿ ತಲುಪಿಬಿಟ್ಟಿತು. ಬದಲಿಯವನು ಹಾಸಿಗೆಯಲ್ಲಿ ಸುಖನಿದ್ರೆಯಲ್ಲಿದ್ದನು! ಲೆವಾಸೋರನು ಆತನನ್ನು ಎಬ್ಬಿಸುವ ಗೋಜಿಗೆ ಹೋಗದೆ ಮುಂದೆ ಸಾಗಿದನು. ಬೆಳಗ್ಗೆ 10 ಗಂಟೆ 40 ನಿಮಿಷಕ್ಕೆ ಬೋರ್ಡೋ; ಅಲ್ಲಿ ಕೆಲವೇ ನಿಮಿಷ ನಿಂತು ಹಿಂದಿರುಗಿದನು. ಮರಳುವಾಗಲೂ ಹಿಡಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ. ಎರಡನೆಯ ರಾತ್ರಿಯೂ ಕಳೆಯಿತು. ಜೂನ್ 13ರಂದು ಮಧ್ಯಾಹ್ನ ಒಂದು ಗಂಟೆಗೆ ತುಸು ಮುಂಚೆ ಪೋರ್ತ್ ಮೈಯೋದಲ್ಲಿ ಜನಸಾಗರದ ನಡುವೆ ಗಾಡಿ ಬಂದು ನಿಂತಿತು. ಹಿಡಿದ ಕಾಲ 48 ಗಂಟೆ 48 ನಿಮಿಷ.

ವೇಗವು ಗಂಟೆಗೆ ಸರಾಸರಿ 24 ಕಿಲೋಮೀಟರು. ಇದೇನು ಮಹಾ ಎನ್ನುವಿರಾ? ನಿಜವೇ. 1891ರಲ್ಲಿ ಬೋರ್ಡೋದಿಂದ ಪ್ಯಾರಿಸಿಗೆ ಸೈಕಲ್ ಪಂದ್ಯ ನಡೆದಾಗ ಗೆದ್ದ ಮಿಲ್ಸ್ ಎಂಬವನು ಸುಮಾರು ಇಪ್ಪತ್ತಾರೂವರೆ ಗಂಟೆಗಳಲ್ಲಿ ಬಂದಿದ್ದನು. ಲೆವಾಸೋರನು ಮರಳಿ ಬಂದುದೂ ಹೆಚ್ಚುಕಡಮೆ ಅಷ್ಟೇ ಹೊತ್ತಿನಲ್ಲಿ. ಆದರೆ ಸೈಕಲ್ ಸವಾರನು ಒಂದು ದಿಕ್ಕಿಗೆ ಬಂದನು. ಯಂತ್ರವಾದರೋ ಹೋದ ದಾರಿಯನ್ನು ಅದೇ ಉತ್ಸಾಹದಿಂದ ಮತ್ತೆ ತುಳಿಯಿತು. ಅದಕ್ಕೆ ದಣಿವಿಲ್ಲ; ದಣಿವೆಲ್ಲ ಸಾರಥಿಯ ಪಾಲಿಗೆ. ಎರಡನೆಯ ಗಾಡಿಯು ಬಂದುದು ಸುಮಾರು ಆರು ಗಂಟೆಗಳ ತರುವಾಯ. ಹೊರಟ 22ರಲ್ಲಿ ಗುರಿ ಮುಟ್ಟಿದವು ಒಂಬತ್ತು. ಅವುಗಳಲ್ಲಿ ಎಂಟು ಪೆಟ್ರೋಲಿನವು. ಆ ಜನ್ಮದ ಎಂಜಿನಿನ ಭವಿಷ್ಯವು ಅಂದೇ ತೀರ್ಮಾನವಾಯಿತೆನ್ನಬಹುದು.

ಇಷ್ಟೆಲ್ಲ ಆದ ಮೇಲೆ ಮೊದಲನೆಯ ಬಹುಮಾನ ಆತನಿಗೆ ಸಿಕ್ಕಲಿಲ್ಲ! ನಾಲ್ಕು ಆಸನಗಳ ಗಾಡಿಗೇ ಅದನ್ನು ಕೊಡಬೇಕೆಂದು ನಿಯಮವಿತ್ತು. ಲೆವಾಸೋರನದು ಎರಡೇ ಆಸನದ್ದು. ಹನ್ನೊಂದು ಗಂಟೆ ತಡವಾಗಿ ಬಂದ ಕೇಶ್ಲಾನ್ ಎಂಬವನ ಪ್ಯೂಜೋ ಗಾಡಿಗೆ 31,500 ಫ್ರಾಂಕುಗಳು ಸಂದವು. ನಿಯಮವು ಮೊದಲೇ ಗೊತ್ತಿದ್ದುದರಿಂದ ಅನ್ಯಾಯವೆನ್ನುವಂತಿಲ್ಲ. ಹಣಕ್ಕಾಗಿಯೇ ಹೊರಟಿದ್ದರೆ ಲೆವಾಸೋರನು ನಾಲ್ಕಾಸನದ ಗಾಡಿಯನ್ನೇ ಏರುತ್ತಿದ್ದನು ಎಂಬುದು ನನ್ನ ಅಭಿಪ್ರಾಯ.

ಮರುವರ್ಷ ಪ್ಯಾರಿಸಿನಿಂದ ಮಾರ್ಸೇಯಿಗೆ ಹೋಗಿ ಬರುವ ಪಂದ್ಯ ನಡೆಯಿತು. ಅವಿನ್ಯೋನ್ ಊರಿನ ಸಮೀಪದಲ್ಲಿ ನಾಯಿಯೊಂದು ದಾರಿಗೆ ಅಡ್ಡ ಬಂದಿತು. ಅದನ್ನು ತಪ್ಪಿಸಹೋಗಿ ಗಾಡಿಯು ಮಗುಚಿತು. ಲೆವಾಸೋರನು ಹೊರಗೆಸೆಯಲ್ಪಟ್ಟು ಪೆಟ್ಟುತಿಂದನು. ಪಂದ್ಯವನ್ನು ಗೆದ್ದುದು ಆತನ ಕಾರ್ಖಾನೆಯದೇ ಇನ್ನೊಂದು ಗಾಡಿ, ಸಾರಥಿ ಮಯಾದ್. ಲೆವಾಸೋರನ ಆರೋಗ್ಯವು ಮಾತ್ರ ಮತ್ತೆ ಸುಧಾರಿಸಲಿಲ್ಲ. ಆದರೂ ಕೆಲಸ ಬಿಡಲಿಲ್ಲ. 1897ರ ಏಪ್ರಿಲ್ 14ರಂದು, ತನ್ನ 54ನೆಯ ವಯಸ್ಸಿನಲ್ಲಿ, ಆತನು ಪ್ಯಾರಿಸಿನಲ್ಲಿ ಮೃತನಾದನು. ಪೋರ್ತ್ ಮೈಯೋದ ಸ್ಮಾರಕವನ್ನು ಶಿಲ್ಪಿ ದಾಲೂ ಆರಂಭಿಸಿದನು. ಆತನು ತೀರಿಕೊಂಡ ಮೇಲೆ ಶಿಷ್ಯನು ಮುಗಿಸಿ, 1907ರಲ್ಲಿ ಅನಾವರಣವಾಯಿತು.

ಮಗುಚಿದ ಗಾಡಿಯಲ್ಲಿಯೂ ಇದ್ದುದು ಆ ಹಳೆಯ ಹಿಡಿಯೇ. 1898ರಿಂದ ಪನಾರ್ ಕಾರ್ಖಾನೆಯವರು ಅದನ್ನು ತೆಗೆದು, ಗಾಡಿಗಳಿಗೆ ದುಂಡನೆಯ ಚಕ್ರವನ್ನು ಜೋಡಿಸತೊಡಗಿದರು.