ಕಲಿತ ಕಾಲೇಜಿನಿಂದ ದೇಣಿಗೆಯ ಕರೆ ಬಂದಾಗ

ಕಾಲೇಜು ಬಿಟ್ಟು ಹತ್ತು ಹದಿನೈದು ವರ್ಷಗಳಾದ ಮೇಲೆ ಒಂದು ದಿನ ಫೋನ್ ಬರುತ್ತದೆ: "ನೀವು ನಮ್ಮ ಹಳೆ ವಿದ್ಯಾರ್ಥಿ. ಹೊಸ ಕಟ್ಟಡಕ್ಕೆ ಕೈಲಾದ ಸಹಾಯ ಮಾಡಬೇಕು." ಕೆಲವರು ಸಂತೋಷದಿಂದ ಕೊಡುತ್ತಾರೆ. ಕೆಲವರು ಇಲ್ಲ ಎನ್ನಲಾಗದೆ ಒಪ್ಪಿಕೊಂಡು, ಆಮೇಲೆ ಆ ಸಂಖ್ಯೆ ಕಂಡರೆ ಫೋನ್ ಎತ್ತುವುದೇ ಇಲ್ಲ. ಪಾಠ ಹೇಳಿದ ಗುರುಗಳೇ ಮಾತನಾಡಿದರಂತೂ ಸಂಕೋಚ ಇನ್ನೂ ಹೆಚ್ಚು. ನಮ್ಮ ಓದುಗರಲ್ಲಿ ಇಂಥ ಕರೆ ಸ್ವೀಕರಿಸುವವರೂ ಇದ್ದಾರೆ, ವಿದ್ಯಾಸಂಸ್ಥೆಗಳ ಪರವಾಗಿ ಕರೆ ಮಾಡುವವರೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗಲೆಂದು ಕೆಲವು ವಿಷಯಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಈ ಕರೆಗಳು ಏಕೆ?

ಮಂಗಳೂರಿನ ಸಂತ ಅಲೋಶಿಯಸ್ (1880), ಮೈಸೂರಿನ ಸಂತ ಫಿಲೋಮಿನಾ (1946) ಮುಂತಾದ ಹಳೆಯ ಕಾಲೇಜುಗಳಿಂದ ಹೊರಬಂದವರು ಊರೂರುಗಳಲ್ಲಿದ್ದಾರೆ. ಕಟ್ಟಡ, ಪ್ರಯೋಗಾಲಯ, ಬಡ ಮಕ್ಕಳ ಶುಲ್ಕ ಇವಕ್ಕೆಲ್ಲ ಹಣ ಬೇಕಾದಾಗ ಯಾವುದೇ ಕಾಲೇಜು ತನ್ನ ಹಳೆ ವಿದ್ಯಾರ್ಥಿಗಳನ್ನು ನೆನೆಯುವುದು ಸಹಜ. ಇನ್ನೊಂದು ಕಾರಣವೂ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ 2017ರಲ್ಲಿ ಜಾರಿಗೆ ತಂದ ಪರಿಷ್ಕೃತ ಮಾನದಂಡಗಳಲ್ಲಿ ಹಳೆ ವಿದ್ಯಾರ್ಥಿ ಸಂಘದ ಕೆಲಸಕ್ಕೂ ಅವರು ನೀಡಿದ ಆರ್ಥಿಕ ನೆರವಿಗೂ ಸ್ಥಾನವಿತ್ತು. ಹೀಗಾಗಿ ಚಿಕ್ಕ ಮೊತ್ತವಾದರೂ ಕಾಲೇಜಿಗೆ ಲೆಕ್ಕಕ್ಕೆ ಬರುತ್ತದೆ.

ದೇಣಿಗೆ ಸಾಲವಲ್ಲ

ಕರಾವಳಿಯವರಾದ ನಮಗೆ ಹಳೆ ವಿದ್ಯಾರ್ಥಿ ಎಂದೊಡನೆ ಗಲ್ಫ್ ಸಂಬಳ ಕಣ್ಣಮುಂದೆ ಬರುತ್ತದೆ. ಆದರೆ ಕಾಲೇಜಿನ ಪಟ್ಟಿಯಲ್ಲಿರುವವರೆಲ್ಲ ಅಂಥವರಲ್ಲ. ಘಟ್ಟದ ಮೇಲೆ, ಮೈಸೂರು ಜಿಲ್ಲೆಯ ಚುಂಚನಕಟ್ಟೆಯ ಕಡೆ ನೋಡೋಣ. ಕೆ.ಆರ್. ನಗರದ ಸುತ್ತ ಕಾವೇರಿ ನಾಲೆಗಳ ನೀರಿನಲ್ಲಿ ಭತ್ತ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಹೊಗೆಸೊಪ್ಪು. ಇಲ್ಲಿನ ಮಕ್ಕಳು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋಗುತ್ತಾರೆ, ಇಲ್ಲವೇ ಮೈಸೂರಿನ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಮೊದಲು ಪದವಿ ಪಡೆದವನ ಸಂಬಳ ಕೈಗೆ ಬರುವ ಮೊದಲೇ ಹಂಚಿಹೋಗಿರುತ್ತದೆ: ತಮ್ಮನ ಶುಲ್ಕ, ತಂಗಿಯ ಮದುವೆ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ನ ದುರಸ್ತಿ, ಬ್ಯಾಂಕಿನ ಕಂತು. ಇಂಥವನು ತಮ್ಮನನ್ನು ಓದಿಸುತ್ತಿದ್ದಾನೆಂದರೆ ವಿದ್ಯೆಯ ಋಣವನ್ನು ಆಗಲೇ ತೀರಿಸುತ್ತಿದ್ದಾನೆ. ಅವನು ಫೋನಿನಲ್ಲಿ ತಲೆ ತಗ್ಗಿಸಬೇಕಾಗಿಲ್ಲ.

ಸ್ವಇಚ್ಛೆ ಎಂಬ ಮಾತು ಎಷ್ಟು ಬೇಗ ಒತ್ತಾಯವಾಗಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ನಿದರ್ಶನವಿದೆ. ಸರ್ಕಾರಿ ಶಾಲೆಗಳ ಅಭಿವೃದ್ಧಿ ಸಮಿತಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು 2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಅದರಲ್ಲಿ ಒತ್ತಾಯವಿಲ್ಲ ಎಂದೇ ಹೇಳಲಾಗಿತ್ತು. ಆದರೂ ಬಡವರಿಗೆ ಅದು ಶುಲ್ಕವೇ ಆಗುತ್ತದೆ ಎಂಬ ಟೀಕೆ ಬಂದು, ಕೆಲವೇ ದಿನಗಳಲ್ಲಿ ಸುತ್ತೋಲೆಯನ್ನು ಹಿಂಪಡೆಯಲಾಯಿತು.

ಕೊಡಲಾಗದಿದ್ದರೆ ಸುಳ್ಳು ಸಬೂಬು ಬೇಡ, ತಪ್ಪಿಸಿಕೊಳ್ಳುವುದೂ ಬೇಡ. "ಕಾಲೇಜಿನ ಮೇಲೆ ಗೌರವವಿದೆ ಸರ್, ಆದರೆ ಈ ವರ್ಷ ಆಗುವುದಿಲ್ಲ. ಆದಾಗ ನಾನೇ ತಿಳಿಸುತ್ತೇನೆ" ಎಂದರೆ ಸಾಕು. ಕರೆಗಳು ನಿಲ್ಲದಿದ್ದರೆ ನಿಮ್ಮ ಸಂಖ್ಯೆಯನ್ನು ಪಟ್ಟಿಯಿಂದ ತೆಗೆಯುವಂತೆ ಪ್ರಾಂಶುಪಾಲರಿಗೆ ಎರಡು ಸಾಲು ಬರೆಯಿರಿ.

ಕೊಡುವ ಮೊದಲು

1. ಕರೆ ಬಂದ ಕೂಡಲೇ ಹಣ ಕಳುಹಿಸಬೇಡಿ. ಕಾಲೇಜಿನ ಕಚೇರಿಯ ಸಂಖ್ಯೆಯನ್ನು ನೀವೇ ಹುಡುಕಿ, ಕರೆ ಮಾಡಿ ಖಚಿತಪಡಿಸಿಕೊಳ್ಳಿ. ವಂಚಕರು ಹಳೆಯ ಗುರುಗಳ ಹೆಸರನ್ನೂ ಹೇಳಬಲ್ಲರು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ.

2. ಹಣ ಸಂಸ್ಥೆಯ ಇಲ್ಲವೇ ನೋಂದಾಯಿತ ಹಳೆ ವಿದ್ಯಾರ್ಥಿ ಸಂಘದ ಖಾತೆಗೇ ಹೋಗಲಿ, ಯಾರೊಬ್ಬರ ಸ್ವಂತ ಖಾತೆಗೆ ಬೇಡ. ರಶೀದಿ ಕೇಳಲು ಸಂಕೋಚ ಬೇಡ.

3. ಹಣ ಯಾವುದಕ್ಕೆ ಎಂದು ಕೇಳಿ. ಒಬ್ಬ ವಿದ್ಯಾರ್ಥಿಯ ಪರೀಕ್ಷಾ ಶುಲ್ಕಕ್ಕೆ, ಬಸ್ ಪಾಸಿಗೆ ಅಥವಾ ಹಾಸ್ಟೆಲ್ ಊಟಕ್ಕೆ ಎಂದು ನೀವೇ ಉದ್ದೇಶ ತಿಳಿಸಬಹುದು. ಅದನ್ನು ಬರಹದಲ್ಲಿ ಕೊಡಿ.

4. 80ಜಿ ಎಂದು ಜನ ಕರೆಯುವ ತೆರಿಗೆ ರಿಯಾಯಿತಿಯ ಆಸೆ ತೋರಿಸಿದರೆ ಲೆಕ್ಕ ತಿಳಿದಿರಲಿ. ಸಾಮಾನ್ಯವಾಗಿ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ಮೊತ್ತದ ಅರ್ಧ ಮಾತ್ರ ನಿಮ್ಮ ತೆರಿಗೆಯ ಆದಾಯದಿಂದ ಕಳೆಯುತ್ತದೆ, ಅದಕ್ಕೂ ಮಿತಿಯಿದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಈ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಇದು ಇಲ್ಲವೇ ಇಲ್ಲ.

5. ವಿದೇಶದಲ್ಲಿರುವವರು ಗಮನಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು, ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ಅನುಮತಿ ಬೇಕು. ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅದರ ಖಾತೆಗೇ ಬರಬೇಕು. ಈ ಕ್ರಮ ತಪ್ಪಿದರೆ ನಿಮ್ಮ ಒಳ್ಳೆಯ ಮನಸ್ಸೇ ಸಂಸ್ಥೆಗೆ ತೊಂದರೆ ತಂದೀತು.

ಕರೆ ಮಾಡುವವರಿಗೆ

ಸಂಸ್ಥೆಗಳಲ್ಲಿ ದುಡಿಯುವವರಿಗೂ ಒಂದು ಮಾತು. ವರ್ಷಗಟ್ಟಲೆ ವಿಚಾರಿಸದೆ, ಹಣ ಬೇಕಾದಾಗ ಮಾತ್ರ ನೆನಪಿಸಿಕೊಂಡರೆ ಯಾರಿಗಾದರೂ ನೋವಾಗುತ್ತದೆ. ಮೊದಲು ಯೋಗಕ್ಷೇಮ ಕೇಳಿ. ಮೊತ್ತ ನಿಗದಿ ಮಾಡಬೇಡಿ. ಜೊತೆಯವರು ಇಷ್ಟು ಕೊಟ್ಟರು ಎಂದು ಹೋಲಿಸಬೇಡಿ. ಹೊಗೆಸೊಪ್ಪಿನ ಊರಿನಲ್ಲಿ ಹರಾಜಿನ ಹಣ ಬರುವ ಮೊದಲು ಮನೆ ನಡೆಯುವುದೇ ಸಾಲದ ಮೇಲೆ ಎಂಬುದು ನೆನಪಿರಲಿ. ಜನವರಿಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಗೆಂದು ಬೆಂಗಳೂರಿನಲ್ಲಿರುವವರೂ ಊರಿಗೆ ಬರುತ್ತಾರೆ. ಅಂಥ ಸಮಯದಲ್ಲಿ ಒಂದು ಸಂಜೆ ಕರೆದು, ಕಾಫಿ ಕೊಟ್ಟು ಮಾತನಾಡಿಸಿದರೆ ಹತ್ತು ಫೋನ್ ಕರೆಗಿಂತ ಮೇಲು. ಕೊಟ್ಟ ಹಣ ಏನಾಯಿತೆಂದು ವರ್ಷಕ್ಕೊಮ್ಮೆ ಲೆಕ್ಕ ಕಳುಹಿಸಿ.

ಹಣವೊಂದೇ ನೆರವಲ್ಲ. ಬಡ ಹುಡುಗಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುವುದು, ಕೆಲಸದ ಸಂದರ್ಶನಕ್ಕೆ ತಯಾರು ಮಾಡುವುದು, ಹಳೆಯ ಪುಸ್ತಕ ಕೊಡುವುದು ಇವೂ ಕಾಲೇಜಿಗೆ ಬೇಕು. ಕೊಡುವವರು ಮನಸಾರೆ ಕೊಡಲಿ, ಆಗದವರು ಧೈರ್ಯವಾಗಿ ಇಲ್ಲ ಎನ್ನಲಿ. ಇಲ್ಲ ಎಂದವರನ್ನೂ ಮುಂದಿನ ಹಳೆ ವಿದ್ಯಾರ್ಥಿಗಳ ಸಭೆಗೆ ಮರೆಯದೆ ಕರೆಯಿರಿ.