ಲೇಸರ್ ಬೇಕಿರೋದು ಮೂಲವ್ಯಾಧಿಗೋ, ನಮ್ಮ ನಾಚಿಕೆಗೋ?

ಆಟೋ ಹಿಂಬದಿಯಿಂದ ಇನ್‌ಸ್ಟಾಗ್ರಾಂ ರೀಲ್ಸ್‌ವರೆಗೆ ಎಲ್ಲಿ ನೋಡಿದ್ರೂ ಒಂದೇ ಮಾತು: ಕೊಯ್ಯಲ್ಲ, ನೋವಿಲ್ಲ, ಒಂದೇ ದಿನದಲ್ಲಿ ಪೈಲ್ಸ್ ಮಾಯ! ಲೇಸರ್ ಚಿಕಿತ್ಸೆಯೇ ಮೋಸ ಅಂತ ನಾನು ಹೇಳ್ತಿಲ್ಲ. ಆದರೆ ಈ ಜಾಹೀರಾತುಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ.

ಗುದದ್ವಾರದ ರಕ್ತನಾಳಗಳ ಮೆತ್ತೆಗಳು ಊದಿಕೊಂಡು ಕೆಳಗೆ ಜಾರುವುದೇ ಮೂಲವ್ಯಾಧಿ. ಒಳಗಿನ ಮೂಲವ್ಯಾಧಿಯಲ್ಲಿ ವೈದ್ಯರು 4 ಹಂತ ಗುರುತಿಸುತ್ತಾರೆ. ಮೊದಲನೆಯದರಲ್ಲಿ ರಕ್ತ ಬರಬಹುದು, ಗಂಟು ಹೊರಗೆ ಬರಲ್ಲ. ಎರಡನೆಯದರಲ್ಲಿ ಹೊರಬಂದ ಗಂಟು ತಾನಾಗಿಯೇ ಒಳಹೋಗುತ್ತೆ. ಮೂರನೆಯದರಲ್ಲಿ ಕೈಯಿಂದ ತಳ್ಳಬೇಕು. ನಾಲ್ಕನೆಯದರಲ್ಲಿ ತಳ್ಳಿದರೂ ಹೋಗಲ್ಲ. ಮೊದಲೆರಡು ಹಂತದಲ್ಲಿ ಬಹುತೇಕರಿಗೆ ನಾರಿನಂಶದ ಊಟ, ಸಾಕಷ್ಟು ನೀರು, ಮಲವಿಸರ್ಜನೆಗೆ ತಿಣುಕದಿರುವುದು, ಔಷಧ ಇಷ್ಟೇ ಸಾಕಾಗಬಹುದು. ಸಾಲದಿದ್ದರೆ ಗಂಟಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುವ ಸರಳ ಚಿಕಿತ್ಸೆಯಿದೆ. ಜಾಹೀರಾತಿನಲ್ಲಿ ಇದರ ಸುದ್ದಿಯೇ ಇರಲ್ಲ.

ಸಾಂಪ್ರದಾಯಿಕ ಶಸ್ತ್ರಚಿಕಿತ್ಸೆಯಲ್ಲಿ ಗಂಟನ್ನೇ ಕತ್ತರಿಸಿ ತೆಗೆಯುತ್ತಾರೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ವಿವರಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ನೋವು ಜಾಸ್ತಿ, ಗಾಯ ಮಾಯಲು ವಾರಗಟ್ಟಲೆ ಬೇಕು. ಆದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಬೇರೆ ವಿಧಾನಗಳಿಗಿಂತ ಕಡಿಮೆ.

ಲೇಸರ್‌ನಲ್ಲಿ ತೆಳುವಾದ ಫೈಬರನ್ನು ಗಂಟಿನೊಳಗೆ ತೂರಿಸಿ, ಶಾಖದಿಂದ ಅದನ್ನು ಕುಗ್ಗಿಸುತ್ತಾರೆ. ಇದಕ್ಕೂ ಸಾಮಾನ್ಯವಾಗಿ ಅರಿವಳಿಕೆ ಬೇಕು. ನೋವು, ರಕ್ತಸ್ರಾವ ಕಡಿಮೆ. ಬೇಗ ಕೆಲಸಕ್ಕೆ ಹೋಗಬಹುದು. ಇದು ನಿಜವಾದ ಲಾಭ. ಆದರೆ ಗಂಟನ್ನು ತೆಗೆಯದ ಕಾರಣ ಅದು ಮತ್ತೆ ಬರುವ ಸಾಧ್ಯತೆ ಹೆಚ್ಚು. ನಾಲ್ಕನೇ ಹಂತಕ್ಕೆ ಸಾಮಾನ್ಯವಾಗಿ ಇದು ಸರಿಹೊಂದಲ್ಲ.

ಅಂದ್ರೆ ಇದು ಹಳತು-ಹೊಸತರ ಜಗಳ ಅಲ್ಲ. ಇವತ್ತಿನ ನೋವು ಕಡಿಮೆಯಾಗಬೇಕೋ, ನಾಳೆ ಮತ್ತೆ ಬರುವ ಅಪಾಯ ಕಡಿಮೆಯಾಗಬೇಕೋ ಅನ್ನೋ ಲೆಕ್ಕಾಚಾರ. ದಿನಗೂಲಿ ಮಾಡುವವರಿಗೆ ಎರಡು ವಾರದ ರಜೆಯೂ ಹೊರೆ, ಎರಡನೇ ಆಪರೇಷನ್ನೂ ಹೊರೆ. ಆ ಲೆಕ್ಕ ಹಾಕಬೇಕಾದವರು ರೋಗಿಯೇ ಹೊರತು ಪ್ಯಾಕೇಜ್ ಮಾರುವವರಲ್ಲ.

ನನ್ನ ಪ್ರಕಾರ ಇಲ್ಲಿ ಮಾರಾಟವಾಗ್ತಿರೋದು ನಮ್ಮ ನಾಚಿಕೆ. ಮನೆಯಲ್ಲಿ ಹೇಳಲಾಗದವರು, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ಮುಜುಗರಪಡುವವರು ಗುಟ್ಟಾಗಿ ಜಾಹೀರಾತಿನ ನಂಬರಿಗೆ ಫೋನ್ ಮಾಡ್ತಾರೆ. ಹಾಗೆ ಹೋದವರು ಪ್ರಶ್ನೆ ಕೇಳೋದೂ ಕಡಿಮೆ, ಎರಡನೇ ವೈದ್ಯರ ಅಭಿಪ್ರಾಯ ಪಡೆಯೋದೂ ಕಡಿಮೆ.

ಆದ್ದರಿಂದ ಕೇಳಿ: ನನ್ನದು ಎಷ್ಟನೇ ಹಂತ? ಆಪರೇಷನ್ ಇಲ್ಲದೆ ಆಗುತ್ತಾ? ಮತ್ತೆ ಬಂದ್ರೆ ಏನು? ಒಟ್ಟು ಖರ್ಚೆಷ್ಟು? ಖಾಸಗಿ ಆಸ್ಪತ್ರೆಗಳು ದರಪಟ್ಟಿ ಪ್ರದರ್ಶಿಸಬೇಕು ಅಂತ ಕರ್ನಾಟಕದ ಕೆಪಿಎಂಇ ಕಾಯ್ದೆಯೇ ಹೇಳುತ್ತೆ. ಇನ್ನೊಂದು ಮಾತು: ಮಲದಲ್ಲಿ ರಕ್ತ ಕಂಡರೆ ಅದು ಪೈಲ್ಸೇ ಅಂತ ನೀವೇ ತೀರ್ಮಾನಿಸಬೇಡಿ. ಕರುಳಿನ ಕ್ಯಾನ್ಸರ್‌ಗೂ ಅದೇ ಲಕ್ಷಣ ಇರಬಹುದು. ಮೊದಲು ಪರೀಕ್ಷೆ, ಆಮೇಲೆ ಲೇಸರ್ ಮಾತು.